ಆಟಿಯ ಮಳೆಗೆ ಕಾರಿನ ಬ್ಯಾಟರಿ ಡೌನ್ ಆದಾಗ

ಬೆಳಿಗ್ಗೆ 5.30. ಅಮ್ಮನನ್ನು ಮಂಗಳೂರಿಗೆ, ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಬೇಕಿತ್ತು. ಕೀ ತಿರುಗಿಸಿದೆ. ಟಕ್ ಟಕ್ ಟಕ್ ಅಂತ ಸದ್ದು ಬಂತು, ಅಷ್ಟೇ. ಡ್ಯಾಶ್‌ಬೋರ್ಡಿನ ಲೈಟೂ ಮಂಕಾಯಿತು. ಹೊರಗೆ ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆ. ನಮ್ಮ ಮನೆ ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಒಳಗೆ, ಅಡಿಕೆ ತೋಟದ ನಡುವೆ. ಅಮ್ಮ ಆಗಲೇ ಸೀರೆ ಉಟ್ಟು ಜಗಲಿಯಲ್ಲಿ ಕೂತಿದ್ದರು.

ನೂಕಿ ಸ್ಟಾರ್ಟ್ ಮಾಡೋಣ ಅಂದರೆ ಶೆಡ್ಡಿನ ಮುಂದೆ ಏರು, ಕಾಲಿಟ್ಟರೆ ಜಾರುವ ಕೆಸರು. ಪಕ್ಕದ ಮನೆಗೆ ಫೋನ್ ಮಾಡಿದೆ. "ಭಾವ, ಜೀಪು ಸ್ವಲ್ಪ ಈಚೆ ತರ್ತೀರಾ?" ಹತ್ತು ನಿಮಿಷದಲ್ಲಿ ಬಂದರು. ಒಂದು ಬ್ಯಾಟರಿಯಿಂದ ಇನ್ನೊಂದಕ್ಕೆ ಕರೆಂಟು ಕೊಡುವ ಜಂಪರ್ ಕೇಬಲ್ ನನ್ನ ಹತ್ತಿರ ಇತ್ತು. ಜೀಪಿನದ್ದೂ 12 ವೋಲ್ಟ್ ಬ್ಯಾಟರಿಯೇ. ದೊಡ್ಡ ಲಾರಿಯಾದರೆ 24 ವೋಲ್ಟ್ ಇರುತ್ತದೆ, ಅದರಿಂದ ಕಾರಿಗೆ ಯಾವತ್ತೂ ಕರೆಂಟು ಕೊಡಬೇಡಿ.

ಕೇಬಲ್ ಸಿಕ್ಕಿಸುವಾಗ ಆತುರ ಮಾಡಲಿಲ್ಲ. ಮೊದಲು ಕೆಂಪು ಕ್ಲಿಪ್ಪು ನಮ್ಮ ಬ್ಯಾಟರಿಯ ಪ್ಲಸ್‌ಗೆ, ಅದರ ಇನ್ನೊಂದು ತುದಿ ಜೀಪಿನ ಪ್ಲಸ್‌ಗೆ. ಆಮೇಲೆ ಕಪ್ಪು ಜೀಪಿನ ಮೈನಸ್‌ಗೆ. ಕೊನೆಯ ಕಪ್ಪು ಕ್ಲಿಪ್ಪನ್ನು ನಮ್ಮ ಬ್ಯಾಟರಿಗೆ ಹಾಕಬಾರದು. ಎಂಜಿನ್ನಿನ ಮೇಲೆ ಬಣ್ಣವಿಲ್ಲದ ಒಂದು ಗಟ್ಟಿ ಬೋಲ್ಟಿಗೆ ಕಚ್ಚಿಸಿದೆ. ಕೊನೆಯ ಕ್ಲಿಪ್ಪು ತಾಗುವಾಗ ಕಿಡಿ ಹಾರುತ್ತದೆ. ಬ್ಯಾಟರಿಯಿಂದ ಹೈಡ್ರೋಜನ್ ಹೊರಬರುತ್ತಿರುತ್ತದೆ, ಅದು ಉರಿಯುವ ಗ್ಯಾಸು. ಕಿಡಿ ಅದರಿಂದ ದೂರ ಇರಲಿ ಅಂತ ಹಾಗೆ. ಜೀಪನ್ನು ಹತ್ತು ನಿಮಿಷ ಓಡಲು ಬಿಟ್ಟು ನಮ್ಮ ಕೀ ತಿರುಗಿಸಿದೆ. ಸ್ಟಾರ್ಟ್ ಆಯಿತು. ಕೇಬಲ್ ಬಿಚ್ಚಿದ್ದು ಹಾಕಿದ್ದಕ್ಕೆ ಸರಿಯಾಗಿ ಉಲ್ಟಾ ಕ್ರಮದಲ್ಲಿ, ಎಂಜಿನ್ನಿನ ಕಪ್ಪು ಕ್ಲಿಪ್ಪಿನಿಂದ ಶುರು ಮಾಡಿ.

ಅಮ್ಮನ ಬ್ಯಾಗು ಇಡಲು ಹಿಂದೆ ಹೋದಾಗ ಕಾರಣ ಕಂಡಿತು. ಡಿಕ್ಕಿ ಪೂರ್ತಿ ಮುಚ್ಚಿರಲಿಲ್ಲ, ಒಳಗೆ ಲೈಟು ಉರಿಯುತ್ತಿತ್ತು. ಮೂರು ದಿನದ ಹಿಂದೆ ಗೊಬ್ಬರದ ಚೀಲ ಇಳಿಸಿ, ಮಳೆಯಲ್ಲಿ ಅವಸರದಿಂದ ಬಾಗಿಲು ತಳ್ಳಿ ಓಡಿದ್ದೆ. 5 ವ್ಯಾಟಿನ ಬಲ್ಬು ಸುಮಾರು 0.4 ಆಂಪಿಯರ್ ಎಳೆಯುತ್ತದೆ. ಮೂರು ದಿನದ 72 ಗಂಟೆಗೆ ಗುಣಿಸಿದರೆ ಸುಮಾರು 29 ಆಂಪಿಯರ್ ಅವರ್ ಆಯಿತು. ನಮ್ಮ ಬ್ಯಾಟರಿಯಲ್ಲಿ ತುಂಬಿದಾಗ ಇರುವುದೇ 35 ಆಂಪಿಯರ್ ಅವರ್.

ಕುಂಬಳೆ ದಾರಿಯಾಗಿ ಮಂಗಳೂರಿಗೆ ಹೋಗಿ ಬಂದೆವು. ಇಷ್ಟು ದೂರ ಓಡಿದ ಮೇಲೆ ಬ್ಯಾಟರಿ ತುಂಬಿರಬೇಕು ಅಂತ ಅನಿಸುತ್ತದೆ, ಅಲ್ವಾ? ಮರುದಿನ ಬೆಳಿಗ್ಗೆ ಮಲ್ಟಿಮೀಟರ್ ಹಿಡಿದರೆ 12.2 ವೋಲ್ಟ್. ಅಂದರೆ ಹೆಚ್ಚುಕಡಿಮೆ ಅರ್ಧ. ತುಂಬಿದ ಬ್ಯಾಟರಿ 12.6 ಅಥವಾ ಅದರ ಮೇಲೆ ತೋರಿಸಬೇಕು. ಗಾಡಿ ನಿಲ್ಲಿಸಿದ ಕೂಡಲೇ ನೋಡಬೇಡಿ, ಆಗ ಜಾಸ್ತಿ ತೋರಿಸುತ್ತದೆ. ರಾತ್ರಿ ಕಳೆಯಲಿ.

ಒಂದು ಅಂಗಡಿಯಲ್ಲಿ ಕೇಳಿದೆ. ನೋಡದೆಯೇ "ಬ್ಯಾಟರಿ ಹೋಗಿದೆ, ಹೊಸದು ಹಾಕಿ" ಅಂದರು. ನನಗೆ ಒಪ್ಪಿಗೆಯಾಗಲಿಲ್ಲ. ಖಾಲಿಯಾದ ಬ್ಯಾಟರಿ ಬೇರೆ, ಸತ್ತ ಬ್ಯಾಟರಿ ಬೇರೆ. ಆದರೆ ಖಾಲಿಯಾದದ್ದನ್ನು ಹಾಗೇ ವಾರಗಟ್ಟಲೆ ಬಿಟ್ಟರೆ ಪ್ಲೇಟುಗಳ ಮೇಲೆ ಸೀಸದ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ, ಆಗ ನಿಜವಾಗಿಯೂ ಸಾಯುತ್ತದೆ. ಹಾಗಾಗಿ ಅವತ್ತೇ ಒಂದು ಚಾರ್ಜರ್ ಕೊಂಡೆ. ಬ್ಯಾಟರಿಯ ಆಂಪಿಯರ್ ಅವರಿನ ಹತ್ತನೇ ಒಂದು ಭಾಗದಷ್ಟು ಕರೆಂಟು ಸಾಕು, ನಮ್ಮದಕ್ಕೆ ಮೂರೂವರೆ ಆಂಪಿಯರ್. ಮಳೆಗೆ ನಮ್ಮಲ್ಲಿ ಕರೆಂಟು ಬಂದುಹೋಗಿ ಮಾಡುತ್ತದೆ, ಆದ್ದರಿಂದ ಒಂದು ರಾತ್ರಿಯಲ್ಲಿ ಮುಗಿಯದೆ ಎರಡು ರಾತ್ರಿ ಹಿಡಿಯಿತು.

ಚಾರ್ಜಿಗೆ ಹಾಕುವ ಮೊದಲು ಟರ್ಮಿನಲ್ ನೋಡಿದೆ. ಮೈಲುತುತ್ತಿನ ಹಾಗೆ ನೀಲಿ ಹಸಿರು ಪುಡಿ ಕಟ್ಟಿತ್ತು. ಅಡಿಕೆಗೆ ಮದ್ದು ಬಿಡುವ ಕಾಲವಾದ್ದರಿಂದ, ಮೈಲುತುತ್ತು ಹಾಕಿ ಮಾಡುವ ಬೋರ್ಡೋ ದ್ರಾವಣದ ಕಲೆಯೇನೋ ಅಂದುಕೊಂಡೆ, ಅಲ್ಲ. ಮೈನಸ್ ಮೊದಲು ಬಿಚ್ಚಿ, ಬಿಸಿನೀರಿಗೆ ಅಡಿಗೆ ಸೋಡಾ ಹಾಕಿ ಹಳೇ ಹಲ್ಲುಜ್ಜುವ ಬ್ರಶ್ಶಿನಿಂದ ಉಜ್ಜಿದೆ. ಒಣಗಿದ ಮೇಲೆ ಪ್ಲಸ್ ಮೊದಲು, ಮೈನಸ್ ಕೊನೆಗೆ ಬಿಗಿದು ವ್ಯಾಸಲೀನ್ ಸವರಿದೆ. ಮುಚ್ಚಳ ತೆಗೆಯುವ ಬ್ಯಾಟರಿಯಾದರೆ ಡಿಸ್ಟಿಲ್ಡ್ ವಾಟರನ್ನೇ ಹಾಕಿ. ಗುಡ್ಡ ಕೊರೆದು ಮಾಡಿದ ನಮ್ಮ ಸುರಂಗದ ನೀರು ಎಷ್ಟೇ ತಿಳಿಯಾಗಿರಲಿ, ಅದರಲ್ಲಿ ಲವಣ ಇರುತ್ತದೆ.

ಚಾರ್ಜ್ ಆದ ಮರುದಿನ 12.6. ಹೆಂಡತಿ ಕೀ ತಿರುಗಿಸಿದಾಗ ಮೀಟರ್ 10.4ಕ್ಕೆ ಇಳಿದು ಮೇಲೆ ಬಂತು. 9.6ರ ಕೆಳಗೆ ಇಳಿದಿದ್ದರೆ ಬ್ಯಾಟರಿ ಸೋತಿದೆ ಅನ್ನಬಹುದಿತ್ತು. ಎಂಜಿನ್ ಓಡುವಾಗ 14.1, ಅಂದರೆ ಬ್ಯಾಟರಿ ತುಂಬುವ ಡೈನಮೋ (ಆಲ್ಟರ್ನೇಟರ್) ಕೂಡ ಸರಿಯಿದೆ. ಹೊಸ ಬ್ಯಾಟರಿಯ ದುಡ್ಡು ಉಳಿಯಿತು.

ನಮ್ಮಂಥವರ ಕಾರಿಗೆ ದೊಡ್ಡ ಪೆಟ್ಟು ಸಣ್ಣ ಓಡಾಟದ್ದು. ಹಾಲಿನ ಸೊಸೈಟಿಗೆ ಒಂದೂವರೆ ಕಿಲೋಮೀಟರ್ ಹೋಗಿ ಬರುವುದು, ಅದೂ ವೈಪರ್, ಹೆಡ್‌ಲೈಟ್, ಗಾಜಿನ ಮಂಜಿಗೆ ಬ್ಲೋವರ್ ಎಲ್ಲ ಹಾಕಿಕೊಂಡು. ಸೆಲ್ಫ್ ಹೊಡೆಯಲು ಖರ್ಚಾದದ್ದು ವಾಪಸ್ ತುಂಬುವುದೇ ಇಲ್ಲ. ಶೆಡ್ಡಿನಲ್ಲಿ ಸುಮ್ನೆ ಹತ್ತು ನಿಮಿಷ ಸ್ಟಾರ್ಟ್ ಮಾಡಿ ಇಡುವುದೂ ಹಾಗೆಯೇ. ಈಗ ಹಾಲಿಗೆ ಸ್ಕೂಟರಿನಲ್ಲಿ ಹೋಗುತ್ತೇನೆ. ಕಾರನ್ನು ವಾರಕ್ಕೊಮ್ಮೆ ಕಾಸರಗೋಡಿಗೋ ಕುಂಬಳೆಗೋ ಒಂದು ಗಂಟೆ ಓಡಿಸುತ್ತೇನೆ. ಅದಾಗದ ವಾರ ಚಾರ್ಜರ್ ಹಾಕುತ್ತೇನೆ. ಇವತ್ತು ಬೆಳಿಗ್ಗೆ ನೋಡಿದಾಗ 12.5 ಇತ್ತು.