ಮೋರಿ ಪ್ರಾಜೆಕ್ಟ್‌ಗೆ ಐದು ವಿಭಾಗದವರು ಸೇರಿದಾಗ

ನಾನು ಸಿವಿಲ್. ಕೊನೆಯ ವರ್ಷದ ಪ್ರಾಜೆಕ್ಟ್‌ನಲ್ಲಿ ನನ್ನ ಜೊತೆ ಅರ್ಥಶಾಸ್ತ್ರ, ಸಮಾಜಶಾಸ್ತ್ರ, ಪರಿಸರ ವಿಜ್ಞಾನ, ಕಂಪ್ಯೂಟರ್ ಸೈನ್ಸ್‌ನ ಒಬ್ಬೊಬ್ಬರನ್ನು ಹಾಕಿದರು. ಜೋರು ಮಳೆಗೆಲ್ಲ ನೀರು ನಿಲ್ಲುವ ಒಂದು ರಸ್ತೆಗೆ ಬಹುಕಾಲ ಬಾಳುವ ಮೋರಿ ಡಿಸೈನ್ ಮಾಡಬೇಕಿತ್ತು. ಮೊದಲ ಮೂರು ವಾರ ಸುಮ್ನೆ ಹೋಯಿತು. ನಿಮ್ಮದು ಹಾಗಾಗದಿರಲಿ ಅಂತ ಬರೆಯುತ್ತಿದ್ದೇನೆ.

ಮೊದಲ ದಿನವೇ ಪದಗಳ ಜಗಳ ಮುಗಿಸಿಕೊಳ್ಳಿ. ‘ರೆಸಿಲಿಯನ್ಸ್’ ಅಂದರೆ ನನ್ನ ಪಾಠದಲ್ಲಿ, ಉಕ್ಕು ಕಾಯಂ ಆಗಿ ಬಾಗದೆ ಹೀರಿಕೊಳ್ಳಬಲ್ಲ ಶಕ್ತಿ (ಎನರ್ಜಿ). ಪರಿಸರದವಳಿಗೆ ಅದು 1973ರಲ್ಲಿ ಹಾಲಿಂಗ್ ಎಂಬ ವಿಜ್ಞಾನಿ ಹೇಳಿದ್ದು: ಪೆಟ್ಟು ತಿಂದು ಏರುಪೇರಾದರೂ ಕೆರೆ ಕೆರೆಯಾಗಿ, ಕಾಡು ಕಾಡಾಗಿ ಉಳಿಯುವುದು. ಸಮಾಜಶಾಸ್ತ್ರದವನು ಕೇಳಿದ್ದು, ‘ಯಾರ ಮನೆ ಮೊದಲು ಚೇತರಿಸಿಕೊಳ್ಳುತ್ತೆ?’ ಮೂರು ವಾರ ಎಲ್ಲರೂ ಒಂದೇ ಪದಕ್ಕೆ ತಲೆಯಾಡಿಸಿದ್ದೆವು, ಅರ್ಥ ಮಾತ್ರ ಅವರವರದು! ಕೊನೆಗೆ ಪದವನ್ನೇ ಕೈಬಿಟ್ಟು ಬೋರ್ಡ್ ಮೇಲೆ ಒಂದು ಪ್ರಶ್ನೆ ಬರೆದೆವು: ಮಳೆ ನಿಂತ ಎಷ್ಟು ಗಂಟೆಗೆ ಈ ರಸ್ತೆಯಲ್ಲಿ ಆಂಬುಲೆನ್ಸ್ ಓಡಬೇಕು? ಅಲ್ಲಿಂದ ಕೆಲಸ ಶುರುವಾಯಿತು.

‘100 ವರ್ಷಕ್ಕೊಮ್ಮೆಯ ಮಳೆ’ ಎನ್ನುವುದನ್ನೂ ಬಿಡಿಸಿ ಹೇಳಿ. ಒಮ್ಮೆ ಬಂದರೆ ಇನ್ನು 99 ವರ್ಷ ಆರಾಮ ಅಂತ ಜಾಸ್ತಿ ಜನ ತಿಳಿಯುತ್ತಾರೆ. ಅದು ಪ್ರತಿ ವರ್ಷವೂ ಶೇ. 1ರ ಸಾಧ್ಯತೆ. 30 ವರ್ಷದಲ್ಲಿ ಒಮ್ಮೆಯಾದರೂ ಬರುವ ಸಾಧ್ಯತೆ ಸುಮಾರು ಶೇ. 26.

ಡ್ರಾಯಿಂಗ್‌ಗೆ ಮುಂಚೆ ಐವರೂ ಒಟ್ಟಿಗೆ ಜಾಗಕ್ಕೆ ಹೋಗಿ. ನಾವು ಹೋಗಿದ್ದು ಡ್ರಾಯಿಂಗ್ ಮುಗಿಸಿ, ಅದೇ ತಪ್ಪು. ಒಬ್ಬ ಅಜ್ಜಿ ಗೇಟಿನ ಹತ್ತಿರ ನಿಂತು ಚಿಲಕ ಮುಟ್ಟಿ ತೋರಿಸಿದರು: ‘ನೀರು ಇಲ್ಲೀತನಕ ಬಂದಿತ್ತು.’ ಚಿಲಕದ ಕೆಳಗೆ ಕೆಸರಿನ ಗೆರೆ ಇನ್ನೂ ಇತ್ತು. ನನ್ನ ಲೆಕ್ಕದ ಪ್ರಕಾರ ನೀರು ಪಾದ ಮುಳುಗುವಷ್ಟೂ ಇರಬಾರದು. ಹಳೆಯ ನಕ್ಷೆಯ ಖಾಲಿ ಸೈಟುಗಳನ್ನು ನಂಬಿ ರನ್‌ಆಫ್ ಕೋಎಫಿಶಿಯೆಂಟ್ 0.4 ಹಿಡಿದಿದ್ದೆ, ಅಂದರೆ ಬಿದ್ದ ಮಳೆಯಲ್ಲಿ ಶೇ. 40 ಮಾತ್ರ ಹರಿದು ಬರುತ್ತದೆ ಅಂತ. ಕಂಪ್ಯೂಟರ್‌ನವಳು ಉಪಗ್ರಹ ಚಿತ್ರ ತೆಗೆದು ನೋಡಿದರೆ ಎಲ್ಲ ಕಡೆ ಕಾಂಕ್ರೀಟು. 0.8 ಹಾಕಿದೆ. 12 ಹೆಕ್ಟೇರಿಗೆ, ಗಂಟೆಗೆ 60 ಮಿ.ಮೀ. ಮಳೆಗೆ, ಸೆಕೆಂಡಿಗೆ 0.8 ಘನ ಮೀಟರ್ ಇದ್ದದ್ದು 1.6 ಆಯಿತು.

ಅದೇ ದಿನ ಸಮಾಜಶಾಸ್ತ್ರದವನು ಹಳೆ ಪೈಪಿನೊಳಗೆ ಇಣುಕಿ, ‘ಈ ಹೂಳು ಯಾರು ತೆಗೀತಾರೆ?’ ಅಂದ. ನನ್ನ ಹತ್ತಿರ ಉತ್ತರವಿರಲಿಲ್ಲ. ನಾಲ್ಕು ವರ್ಷದ ಓದಿನಲ್ಲಿ ಈ ಪ್ರಶ್ನೆಯನ್ನು ಯಾರೂ ನನಗೆ ಕೇಳಿರಲಿಲ್ಲ, ನಿಜ ಹೇಳಬೇಕೆಂದರೆ.

ಖರ್ಚಿನ ಲೆಕ್ಕವನ್ನು ಅರ್ಥಶಾಸ್ತ್ರದವರ ತಲೆಗೆ ಕಟ್ಟಿ ಕೂರಬೇಡಿ. ಡಿಸ್ಕೌಂಟ್ ರೇಟ್, ಅಂದರೆ ಮುಂದಿನ ಹಣವನ್ನು ಇವತ್ತಿನ ಬೆಲೆಗೆ ಇಳಿಸಲು ವರ್ಷಕ್ಕೆ ಹಿಡಿಯುವ ದರ, ಎಷ್ಟು ಹಿಡಿದಿದ್ದೀರಿ ಅಂತ ಕೇಳಿ. 50 ವರ್ಷದ ನಂತರ ತಪ್ಪುವ ನೂರು ರೂಪಾಯಿ ನಷ್ಟಕ್ಕೆ ಶೇ. 8ರಲ್ಲಿ ಇವತ್ತಿನ ಬೆಲೆ ಬರೀ 2 ರೂಪಾಯಿ; ಶೇ. 3ರಲ್ಲಿ ಸುಮಾರು 23. ಗಟ್ಟಿ ಮೋರಿ ದುಬಾರಿಯೋ ಅಗ್ಗವೋ ಎನ್ನುವುದು ಈ ಒಂದು ಅಂಕಿಯಲ್ಲೇ ತೀರ್ಮಾನವಾಗಿಬಿಡಬಹುದು. ಎರಡನ್ನೂ ವರದಿಯಲ್ಲಿ ತೋರಿಸಿ.

ವರದಿಯನ್ನು ಅಧ್ಯಾಯಕ್ಕೊಬ್ಬರಂತೆ ಹಂಚಿಕೊಳ್ಳಬೇಡಿ, ಕೊನೆಗೆ ಹೊಲಿಗೆ ಕಾಣುತ್ತದೆ. ನಿಮ್ಮ ಭಾಗವನ್ನು ಬೇರೆ ವಿಭಾಗದವರು ಓದಿ ತಿದ್ದಲಿ.

ನಮ್ಮ ಡಿಸೈನ್‌ನಲ್ಲಿ ಕೊನೆಗೆ ಪೈಪ್ ಹೋಗಿ, ರಸ್ತೆ ಬದಿಯಲ್ಲಿ ಸ್ಲ್ಯಾಬ್ ಮುಚ್ಚಿದ ಚೌಕ ಮೋರಿ ಬಂತು, ಸ್ಲ್ಯಾಬ್ ಎತ್ತಿ ಹೂಳು ತೆಗೆಯಲಿ ಅಂತ. ನಾನು ಮೊದಲು ಬರೆದ ಸ್ಲ್ಯಾಬ್ 1 ಮೀಟರ್ ಉದ್ದ, 1 ಮೀಟರ್ ಅಗಲ, 10 ಸೆಂ.ಮೀ. ದಪ್ಪ. ತೂಕ ಸುಮಾರು 250 ಕೆಜಿ. ‘ಇದನ್ನ ಎತ್ತೋಕೆ ಕ್ರೇನ್ ತರ್ತಾರಾ?’ ಅಂತ ಸಮಾಜಶಾಸ್ತ್ರದವನೇ ಮತ್ತೆ ಕೇಳಿದ. ಅಗಲ 25 ಸೆಂ.ಮೀ.ಗೆ ಇಳಿಸಿದೆ. ಈಗ 60 ಕೆಜಿ ಚಿಲ್ಲರೆ, ಇಬ್ಬರು ಸೇರಿ ಎತ್ತಬಹುದು.