ಬಿಡಿಯಾಗಿಯೂ ನಿಲ್ಲುವ ಕಂತು: ಸ್ಪ್ಯಾಂಕಿಂಗ್ ಸರಣಿ ಬರೆದ ನನ್ನ ಅನುಭವ

ಸ್ಪ್ಯಾಂಕಿಂಗ್ ಕಥೆ, ಅಂದರೆ ಒಪ್ಪಿದ ವಯಸ್ಕರ ನಡುವೆ ಕುಂಡೆಗೆ ಬೀಳುವ ಏಟಿನ ಕಥೆ, ಬಿಡಿಯಾಗಿದ್ದರೇ ಚೆನ್ನ, ಎಳೆದರೆ ಸಪ್ಪೆಯಾಗುತ್ತದೆ ಎಂದು ಜೊತೆಗೆ ಬರೆಯುವವರೆಲ್ಲ ಹೇಳಿದ್ದರು. ನನ್ನ ಹನ್ನೆರಡು ಕಂತಿನ ಸರಣಿ ಈಗ ಮುಗಿದಿದೆ. ಮೊದಲ ಕಂತು ಹಿಡಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಕೊನೆಯವರೆಗೂ ಬಂದರು.

ಅದಕ್ಕೂ ಮುಂಚಿನ ಎರಡು ಸರಣಿ ಕೆಟ್ಟಿದ್ದವು. ಒಂದು ಕೆಟ್ಟದ್ದು ಏರಿಕೆಯಿಂದ: ಮೊದಲ ಕಂತಿಗೆ ಅಂಗೈ, ಎರಡಕ್ಕೆ ಹೇರ್‌ಬ್ರಷ್, ಮೂರಕ್ಕೆ ಬೆಲ್ಟು, ನಾಲ್ಕಕ್ಕೆ ಬೆತ್ತ. ಐದಕ್ಕೆ ಉಳಿದದ್ದು ಏಟಿನ ಲೆಕ್ಕ ಹೆಚ್ಚಿಸುವುದೊಂದೇ. ಹನ್ನೆರಡಿದ್ದದ್ದು ಐವತ್ತಾಯಿತು, ಓದುಗರು ಪುಟ ಹಾರಿಸಿದರು. ಇನ್ನೊಂದರಲ್ಲಿ ನಾಯಕಿ ಕಂತಿಗೊಂದು ತಪ್ಪು ಮಾಡಲೇಬೇಕಾಯಿತು. ಮೂವತ್ತೈದರ ಹೆಂಗಸು ವಾರವಾರವೂ ಬಿಲ್ ಕಟ್ಟಲು ಮರೆತರೆ ಅವಳ ಮೇಲಿನ ಗೌರವವೇ ಹೋಗುತ್ತದೆ. ಗೌರವ ಹೋದ ಪಾತ್ರಕ್ಕೆ ಬಿದ್ದ ಏಟು ಓದುಗರಿಗೆ ತಾಕುವುದಿಲ್ಲ.

ಬಿಡಿ ಕಥೆಯದ್ದು ಬೇರೆ ಕಷ್ಟ. 2,500 ಪದದಲ್ಲಿ ಸುಮಾರು 900 ಪದ ಇವರಿಬ್ಬರು ಯಾರು, ಒಪ್ಪಿಗೆ ಹೇಗಾಯಿತು, ಸೇಫ್‌ವರ್ಡ್ (ಹೇಳಿದೊಡನೆ ಏಟು ನಿಲ್ಲಿಸಬೇಕಾದ ಗುರುತಿನ ಮಾತು) ಏನು ಎಂಬುದಕ್ಕೇ ಮುಗಿಯುತ್ತದೆ. ಪ್ರತಿ ಕಥೆಗೂ ಅದೇ ಖರ್ಚು.

ಕೊನೆಗೆ ಕೈಹಿಡಿದದ್ದು ಇದು. ಕಾರಣ, ಏಟು, ಆಮೇಲಿನ ಹೊತ್ತು, ಮೂರೂ ಅದೇ ಕಂತಿನಲ್ಲಿ ತೀರಬೇಕು. ಮುಂದಕ್ಕೆ ದಾಟುವುದು ಒಂದೇ ಬಾಕಿ, ಅದೂ ಹೇಳದೆ ಉಳಿದ ಮಾತು. ಮೂರನೆಯ ಕಂತಿನ ಕೊನೆಗೆ ನಾಯಕ ಹೇರ್‌ಬ್ರಷ್ಷನ್ನು ಡ್ರಾಯರಿಗೆ ಹಾಕದೆ ಮೇಜಿನ ಮೇಲೆ ಬಿಟ್ಟು ಹೋಗುತ್ತಾನೆ. ನಾಯಕಿ ಅದನ್ನು ಎತ್ತಿಡುವುದೋ ಬೇಡವೋ ಎಂದು ನಿಂತಿರುತ್ತಾಳೆ. ಅಷ್ಟಕ್ಕೇ ನಿಲ್ಲಿಸಿದೆ. 3,000 ಪದದ ಕಂತಿನಲ್ಲಿ ಅರ್ಧ ಕಾಯುವುದಕ್ಕೆ, ಕಾಲು ಏಟಿಗೆ, ಕಾಲು ಆಮೇಲಿನದಕ್ಕೆ. ಏಳನೆಯ ಕಂತಿನಲ್ಲಿ ಏಟೇ ಇಲ್ಲ, ಶಿಕ್ಷೆಯನ್ನು ನಾಳೆಗೆ ಹಾಕುತ್ತಾರೆ. ಇದು ಖಂಡಿತ ಸೋಲುತ್ತದೆ ಎಂದವರೇ ಹೆಚ್ಚು. ಅತಿ ಹೆಚ್ಚು ಪತ್ರ ಬಂದದ್ದು ಅದಕ್ಕೇ.

ಒಂದು ಲೆಕ್ಕದ ಪುಸ್ತಕ ಇಡಲೇಬೇಕು: ಕಥೆಯೊಳಗಿನ ದಿನ, ಕಾರಣ, ತೀರ್ಮಾನ ಯಾರದ್ದು, ಯಾವ ಕೋಣೆ, ಯಾವ ಸಾಧನ, ಎಷ್ಟು ಏಟು, ಹೇಳದೆ ಉಳಿದ ಮಾತು. ದಿನ ಬರೆಯದಿದ್ದರೆ ಮೋಸ ಹೋಗುತ್ತೀರಿ. ಬೆತ್ತದ ಬರೆ ಕಪ್ಪಿಟ್ಟಿತೆಂದರೆ ವಾರವಾದರೂ ಬೇಕು. ಎರಡೇ ದಿನದ ಮೇಲಿನ ಕಂತಿನಲ್ಲಿ ಅವಳು ಮರದ ಬೆಂಚಿನ ಮೇಲೆ ನಿರಾಳವಾಗಿ ಕೂತರೆ ಓದುಗರು ಬಿಡುವುದಿಲ್ಲ. ‘ಚಟೀರ್’ ಕಂತಿಗೆ ಎರಡೇ ಸಲ, ಮಿಕ್ಕಿದ್ದೆಲ್ಲ ಉಸಿರಿನಲ್ಲಿ, ಬೆರಳು ಬಿಗಿಯುವುದರಲ್ಲಿ ಬರಲಿ. ಹೊಸ ಓದುಗರಿಗೆ ಹಿಂದಿನದ್ದನ್ನು ಮೊದಲ ಪುಟದಲ್ಲೇ ತಿಳಿಸುವ ಬಗೆ ಒಂದಿದೆ, ಅದನ್ನು ಸದ್ಯ ಇಲ್ಲಿ ಬಿಚ್ಚುವುದಿಲ್ಲ.

ನಡುವೆ ಒಂದು ಕಂತನ್ನು ಏಟು ಕೊಡುವವನ ಕಣ್ಣಿಂದ ಬರೆದು ನೋಡಿದೆ. ಅವನ ಅನುಮಾನ ಗೊತ್ತಾದೊಡನೆ ಮುಂದಿನ ಎರಡು ಕಂತಿನ ಬಿಗಿ ಸಡಿಲವಾಯಿತು, ಹಿಂದಕ್ಕೆ ತೆಗೆದೆ. ಪತ್ರರೂಪದಲ್ಲಿ ಬರೆದ ಕಂತು ಮಾತ್ರ ಚೆನ್ನಾಗಿ ಕೂತಿತು.

ಇನ್ನು ದುಡ್ಡು. ಅಮೆಜಾನಿನ ಇ-ಪುಸ್ತಕ ಮಾರುಕಟ್ಟೆ ಕಿಂಡಲ್‌ನಲ್ಲಿ 70% ರಾಯಲ್ಟಿ ಸಿಗುವುದು 2.99ರಿಂದ 9.99 ಡಾಲರ್ ಬೆಲೆಗೆ, ಅದಕ್ಕಿಂತ ಕೆಳಗಿಟ್ಟರೆ 35%. 0.99ರ ಬಿಡಿ ಕಥೆ ಆರು ಮಾರಿದರೂ ಎರಡು ಡಾಲರ್ ಚಿಲ್ಲರೆ. ಅದೇ ಆರನ್ನು 3.99ರ ಒಂದೇ ಪುಸ್ತಕ ಮಾಡಿದರೆ ಒಂದು ಮಾರಾಟಕ್ಕೆ 2.70ರ ಆಸುಪಾಸು. ಮೊದಲ ಸಂಪುಟವನ್ನು ಮೊದಲು ಆರನೆಯ ಕಂತಿಗೇ ಮುಗಿಸಿದ್ದೆ. ಏಟಿಲ್ಲದ ಏಳನೆಯದನ್ನೂ ಅದರೊಳಗೆ ಸೇರಿಸಿದ ಮೇಲೆ ಎರಡನೆಯ ಸಂಪುಟ ಕೇಳುವವರು ಹೆಚ್ಚಾದರು.