ಚಟ್ನಿ ಲೆಕ್ಕ ತಟ್ಟೆ ತೊಳೆಯೋರಿಗೆ ಗೊತ್ತಿತ್ತು

ತುಮಕೂರಿನಲ್ಲಿ ನನ್ನದೊಂದು ಚಿಕ್ಕ ಹೋಟೆಲಿದೆ. ನಿಂತು ತಿನ್ನೋ ಜಾಗ. ಬೆಳಿಗ್ಗೆ ತಟ್ಟೆ ಇಡ್ಲಿ, ದೋಸೆ. ಮಧ್ಯಾಹ್ನ ಚಿತ್ರಾನ್ನ, ಪಲಾವ್. ದಿನಕ್ಕೆ 30 ತೆಂಗಿನಕಾಯಿ ಬರೀ ಚಟ್ನಿಗೇ ಹೋಗುತ್ತಿತ್ತು. 2025ರಲ್ಲಿ ಕಾಯಿ ಬೆಲೆ ಏರಿತಲ್ಲ, ಆಗ ಶುರುವಾಯಿತು ನನ್ನ ತಲೆನೋವು. ಹೆಸರಿಗೆ ಕಲ್ಪತರು ನಾಡು, ತಿಪಟೂರು ನಮ್ಮ ಜಿಲ್ಲೆಯಲ್ಲೇ ಇದೆ. ಆದರೂ ಕಾಯಿ ಒಡೆಯುವಾಗ ಕೈ ಹಿಂದೆಮುಂದೆ ನೋಡುತ್ತಿತ್ತು.

ಮೊದಲು ಎಲ್ಲರೂ ಮಾಡೋದನ್ನೇ ನಾನೂ ಮಾಡಿದೆ. ಕಾಯಿ ಕಮ್ಮಿ, ಹುರಿಗಡಲೆ ಜಾಸ್ತಿ, ಸ್ವಲ್ಪ ನೀರು. ಮೂರನೇ ದಿನ ನಮ್ಮ ಖಾಯಂ ಗಿರಾಕಿ ಒಬ್ಬರು, ರಿಟೈರ್ಡ್ ಮೇಷ್ಟ್ರು, ತಟ್ಟೆ ಹಿಡಿದುಕೊಂಡು ಗಲ್ಲಾದ ಹತ್ತಿರ ಬಂದರು. "ಏನ್ರೀ, ಚಟ್ನಿಗೆ ನೀರು ಹಾಕಿದ್ದೀರೋ, ನೀರಿಗೆ ಚಟ್ನಿ ಹಾಕಿದ್ದೀರೋ?" ಅಂದರು. ಹಿಂದೆ ನಿಂತಿದ್ದ ನಾಲ್ಕು ಜನ ನಕ್ಕರು. ನಮ್ಮೂರಲ್ಲಿ ಚಟ್ನಿ ಕೆಟ್ಟರೆ ಗಿರಾಕಿ ಜಗಳ ಆಡೋದಿಲ್ಲ, ಸುಮ್ನೆ ಸ್ಕೂಟರ್ ತಿರುಗಿಸಿ ತಟ್ಟೆ ಇಡ್ಲಿಗೆ ಹೆಸರಾದ ಪಕ್ಕದ ಕ್ಯಾತ್ಸಂದ್ರಕ್ಕೆ ಹೋಗುತ್ತಾರೆ. ಮಾರನೇ ದಿನವೇ ಹಳೇ ಅಳತೆಗೆ ವಾಪಸ್ ಬಂದೆ.

ಆಮೇಲೆ ಒಂದು ಸಂಜೆ ಹುಡುಗರನ್ನೆಲ್ಲ ಕರೆದು ಮೀಟಿಂಗ್ ಮಾಡಿದೆ. "ಏನಾದ್ರೂ ಐಡಿಯಾ ಇದ್ರೆ ಹೇಳ್ರಪ್ಪ" ಅಂದೆ. ಒಬ್ಬ ನೆಲ ನೋಡಿದ, ಒಬ್ಬ ಫೋನ್ ನೋಡಿದ. ಭಟ್ಟರು "ನೀವು ಹೇಳ್ದಂಗೇ ಮಾಡಣ" ಅಂದರು. ಐದು ನಿಮಿಷಕ್ಕೆ ಮೀಟಿಂಗ್ ಮುಗಿಯಿತು. ಬೈಟು ಕಾಫಿ ಕುಡಿದು ಎದ್ದೆವು.

ಮನೆಯಲ್ಲಿ ಇದನ್ನು ಹೇಳಿದಾಗ ಎಂಬಿಎ ಓದುತ್ತಿದ್ದ ಮಗಳು ನಕ್ಕಳು. "ಅಪ್ಪ, ಸಂಬಳ ಕೊಡೋರ ಮುಂದೆ ಯಾರು ಬಾಯಿ ಬಿಡ್ತಾರೆ? ಬರೆಸು" ಅಂದಳು. ಬರೆದು ಐಡಿಯಾ ತೆಗೆಯೋ ಒಂದು ಪದ್ಧತಿ ಇದೆಯಂತೆ. 1968ರಲ್ಲಿ ಜರ್ಮನಿಯ ಬರ್ನ್ಡ್ ರೋರ್‌ಬಾಕ್ ಅನ್ನುವವರು ಹೇಳಿಕೊಟ್ಟಿದ್ದು. ಆರು ಜನ ಕೂರಬೇಕು. ಒಬ್ಬೊಬ್ಬರೂ ಐದು ನಿಮಿಷದಲ್ಲಿ ಮೂರು ಐಡಿಯಾ ಬರೆದು ಹಾಳೆಯನ್ನು ಪಕ್ಕದವರಿಗೆ ದಾಟಿಸಬೇಕು. ಅವರು ಅದನ್ನು ಓದಿ, ಅದರ ಕೆಳಗೆ ತಮ್ಮ ಮೂರು ಸೇರಿಸಬೇಕು. ಹೀಗೆ ಆರು ಸುತ್ತು. ಅರ್ಧ ಗಂಟೆಗೆ 108 ಐಡಿಯಾ, ಅಷ್ಟೋತ್ತರ ಲೆಕ್ಕ! ಬ್ರೈನ್‌ಸ್ಟಾರ್ಮಿಂಗ್ ಅನ್ನೋ ಮಾತನ್ನು ಚಾಲ್ತಿಗೆ ತಂದ ಅಮೆರಿಕದ ಜಾಹೀರಾತು ಕಂಪನಿಯ ಅಲೆಕ್ಸ್ ಆಸ್ಬರ್ನ್ ಎಲ್ಲರೂ ಕೂತು ಮಾತಾಡಿ ಅಂದಿದ್ದರು. ಆದರೆ 1958ರಲ್ಲೇ ಯೇಲ್ ವಿಶ್ವವಿದ್ಯಾಲಯದವರು ಪರೀಕ್ಷೆ ಮಾಡಿ ನೋಡಿದಾಗ, ಗುಂಪಿನಲ್ಲಿ ಮಾತಾಡಿದವರಿಗಿಂತ ಅಷ್ಟೇ ಜನ ಒಬ್ಬೊಬ್ಬರೇ ಕೂತು ಯೋಚಿಸಿದಾಗಲೇ ಹೆಚ್ಚು ಐಡಿಯಾ ಸಿಕ್ಕವಂತೆ. ನನಗೆ ಆಶ್ಚರ್ಯ ಆಗಲಿಲ್ಲ. ನನ್ನ ಮೀಟಿಂಗ್ ನೋಡಿದ್ದೆನಲ್ಲ. ಆಸ್ಬರ್ನ್ ಹೇಳಿದ ಒಂದು ನಿಯಮ ಮಾತ್ರ ಇಟ್ಟುಕೊಂಡೆವು: ಬರೆಯುವಾಗ ಯಾವುದನ್ನೂ "ಇದಾಗಲ್ಲ" ಅನ್ನಬಾರದು.

ಮುಂದಿನ ಸೋಮವಾರ ಮಧ್ಯಾಹ್ನ ಮೂರಕ್ಕೆ ಕೂತರು. ಭಟ್ಟರು, ಇಡ್ಲಿ ಹಾಕೋ ಹುಡುಗ, ಇಬ್ಬರು ಸಪ್ಲೈಯರ್, ಕೂಪನ್ ಹರಿಯೋ ಹುಡುಗ, ತಟ್ಟೆ ತೊಳೆಯೋ ಅಕ್ಕ. ನಾನು ಹೊರಗೆ ಹೋಗಿ ನಿಂತೆ, ಮಗಳ ಕಟ್ಟಪ್ಪಣೆ. ಅಕ್ಕನಿಗೆ ಓದು ಬರಹ ಬರೋದಿಲ್ಲ. ಮಗಳೇ ಪಕ್ಕದಲ್ಲಿ ಕೂತು, ಬಂದ ಹಾಳೆಯನ್ನು ಮೆಲ್ಲಗೆ ಓದಿ ಹೇಳಿ, ಅವರು ಹೇಳಿದ್ದನ್ನು ಬರೆದುಕೊಂಡಳು.

108 ಎಲ್ಲಿಂದ ಬರಬೇಕು? ಅರವತ್ತು ಚಿಲ್ಲರೆ ಆಯಿತು. ಅದರಲ್ಲಿ ಅರ್ಧ ಒಂದೇ ಮಾತು. "ಗಿರಾಕಿಗಳಿಗೆ ಮನೆಯಿಂದ ಕಾಯಿ ತರಲು ಹೇಳುವುದು" ಅಂತ ಒಬ್ಬ ಬರೆದಿದ್ದ. ಇನ್ನೊಬ್ಬ ಅದರ ಕೆಳಗೆ "ತಂದವರಿಗೆ ಇಡ್ಲಿ ಫ್ರೀ" ಅಂತ ಸೇರಿಸಿದ್ದ. ಕಡಲೆಕಾಯಿ ಚಟ್ನಿ, ಕೆಂಪು ಚಟ್ನಿ ಇವೆಲ್ಲ ನನಗೂ ಹೊಳೆದಿದ್ದವೇ. ಐದನೇ ಹಾಳೆಯಲ್ಲಿ ಮಗಳ ಅಕ್ಷರದಲ್ಲಿ ಒಂದು ಸಾಲು ಇತ್ತು: "ಚಟ್ನಿ ಅರ್ಧಕ್ಕರ್ಧ ನನ್ನ ತೊಟ್ಟಿಗೇ ಬತ್ತದೆ."

ಇದು ಐಡಿಯಾನೇ ಅಲ್ಲ, ಅಲ್ವಾ? ಬರೀ ಸುದ್ದಿ. ಆದರೆ ನನಗೆ ರಾತ್ರಿ ನಿದ್ದೆ ಬರಲಿಲ್ಲ.

ಮಾರನೇ ದಿನ ಬೆಳಿಗ್ಗೆ ಗಲ್ಲಾಕ್ಕೆ ಬಾಮೈದನನ್ನು ಕೂರಿಸಿ ನಾನು ತೊಟ್ಟಿಯ ಪಕ್ಕ ಒಂದು ಬಕೆಟ್ ಇಟ್ಟುಕೊಂಡು ನಿಂತೆ. ಬಂದ ಪ್ರತಿ ತಟ್ಟೆಯ ಚಟ್ನಿಯನ್ನು ಅದರೊಳಗೆ ಬಳಿದೆ. ಸಾಂಬಾರ್ ಜೊತೆ ಕಲಸಿಹೋಗಿ ಮಣ್ಣಿನ ಬಣ್ಣಕ್ಕೆ ತಿರುಗಿದ್ದ ಚಟ್ನಿ. ಹತ್ತೂವರೆ ಹೊತ್ತಿಗೆ ಬಕೆಟ್ಟಿನಲ್ಲಿ ಏಳು ಲೀಟರ್ ಹತ್ತಿರ ಇತ್ತು. ನಾವು ರುಬ್ಬುತ್ತಿದ್ದುದೇ ಸುಮಾರು ಇಪ್ಪತ್ತು ಲೀಟರ್. ಮೂರು ದಿನ ಅಳೆದೆ, ಹೆಚ್ಚೂ ಕಮ್ಮಿ ಅಷ್ಟೇ. ಹತ್ತು ಕಾಯಿ ದಿನಾ ಮೋರಿ ಪಾಲು. ನಾನು ಇಷ್ಟು ದಿನ ಚಟ್ನಿ ಅಗ್ಗ ಮಾಡೋದು ಹೇಗೆ ಅಂತ ತಲೆ ಕೆರೆದುಕೊಳ್ಳುತ್ತಿದ್ದೆ. ಕೇಳಬೇಕಿದ್ದು ಚಟ್ನಿ ಯಾಕೆ ಉಳಿಯುತ್ತದೆ ಅಂತ.

ಟೊಯೋಟಾ ಕಾರ್ಖಾನೆಯಲ್ಲಿ ಏನಾದರೂ ಕೆಟ್ಟರೆ ಐದು ಸಲ "ಯಾಕೆ" ಅಂತ ಕೇಳುತ್ತಾರಂತೆ. ನಾನೂ ಕೇಳಿದೆ. ಚಟ್ನಿ ಯಾಕೆ ಉಳಿಯುತ್ತೆ? ಜಾಸ್ತಿ ಹಾಕ್ತೀವಿ. ಯಾಕೆ ಜಾಸ್ತಿ? ದೊಡ್ಡ ಸೌಟು. ದೊಡ್ಡ ಸೌಟು ಯಾಕೆ? ಗಿರಾಕಿ ಮತ್ತೆ ಚಟ್ನಿ ಕೇಳಿಕೊಂಡು ಬರಬಾರದು. ಯಾಕೆ ಬರಬಾರದು? ಬಂದರೆ ಕೌಂಟರ್ ಮುಂದೆ ನುಗ್ಗಾಟ ಆಗುತ್ತೆ. ನುಗ್ಗಾಟ ಯಾಕೆ? ಚಟ್ನಿ ಬಕೆಟ್ಟು ಇರೋದು ದೋಸೆ ಕೊಡೋ ಕಿಂಡಿಯಲ್ಲೇ! ಹೋಟೆಲ್ ಹಾಕಿದ ದಿನದಿಂದ ಅಲ್ಲೇ ಇತ್ತು. ಅಲ್ಲಿಟ್ಟವನು ನಾನೇ.

ಸರಿ, ಬಕೆಟ್ಟನ್ನು ಹೊರಗೆ ತಂದು ಒಂದು ಟೇಬಲ್ ಮೇಲಿಟ್ಟು, ಬೇಕಾದಷ್ಟು ಹಾಕಿಕೊಳ್ಳಿ ಅಂತ ಬೋರ್ಡ್ ಬರೆಸಿದೆ. ಸಂಜೆ ಅಕ್ಕ ಕರೆದು ತೊಟ್ಟಿ ತೋರಿಸಿದರು. ಮೊದಲಿಗಿಂತ ಜಾಸ್ತಿ ಬಂದಿತ್ತು. ಪುಕ್ಕಟೆ ಸಿಕ್ಕಿದರೆ ನಾವು ಬಿಡೋ ಜನವೇ?

ಮಗಳು ಇನ್ನೊಂದು ದಾರಿ ಹೇಳಿದಳು, ಪ್ರಶ್ನೆಯನ್ನು ತಿರುಗಾಮುರುಗಾ ಮಾಡೋದು. "ಚಟ್ನಿ ಇನ್ನೂ ಹೆಚ್ಚು ಹಾಳಾಗಬೇಕು, ಏನು ಮಾಡಬೇಕು?" ಅಂತ ಹುಡುಗರನ್ನು ಕೇಳಿದೆವು. ಈ ಸಲ ಹಾಳೆಯೇ ಬೇಕಾಗಲಿಲ್ಲ. ಕೆಡಿಸೋ ಕೆಲಸ ಅಂದರೆ ಎಲ್ಲರಿಗೂ ಬಾಯಿ ಬರುತ್ತೆ ನೋಡಿ. "ಕೇಳದೇನೇ ಸುರಿಯೋದು." "ಇಡ್ಲಿ ಮೇಲೇ ಹುಯ್ಯೋದು." "ಚಪ್ಪಟೆ ತಟ್ಟೇಲಿ ಕೊಟ್ಟು, ಸಾಂಬಾರ್ ಹರಿದು ಚಟ್ನಿಗೆ ಸೇರೋ ಹಂಗೆ ಮಾಡೋದು." ಅಂದವನೇ ನಮ್ಮ ಸಪ್ಲೈಯರ್ ಹುಡುಗ ಕೈಯಲ್ಲಿದ್ದ ತಟ್ಟೆ ನೋಡಿ ಸುಮ್ಮನಾದ. ನಾವು ಕೊಡುತ್ತಿದ್ದುದು ಚಪ್ಪಟೆ ತಟ್ಟೆಯೇ. ಬಕೆಟ್ಟಿನಲ್ಲಿ ಕಂಡ ಆ ಮಣ್ಣಿನ ಬಣ್ಣ ನೆನಪಾಯಿತು.

ಚಟ್ನಿಗೆ ಬೇರೆ ಬಟ್ಟಲು ಕೊಡೋಣ ಅಂದೆ. "ಅದನ್ನೂ ನಾನೇ ತೊಳೀಬೇಕಲ್ಲಣ್ಣ" ಅಂದರು ಅಕ್ಕ. ಅದೂ ನಿಜ. ಗುಂಡಿ ಇರೋ ಸ್ಟೀಲ್ ತಟ್ಟೆ ತರಿಸಿದೆ. ಆದರೆ ಎರಡನೇ ಸಲ ಚಟ್ನಿ ಕೇಳೋರ ಕಥೆ ಹಾಗೇ ಉಳಿಯಿತು. ಎಷ್ಟು ಯೋಚಿಸಿದರೂ ಹೊಳೆಯಲಿಲ್ಲ, ಬಿಟ್ಟುಬಿಟ್ಟೆ. ಹಿಟ್ಟು ರುಬ್ಬಿಟ್ಟ ಮೇಲೆ ಹುಳಿ ಬರೋವರೆಗೆ ಯಾರೂ ಮುಚ್ಚಳ ತೆಗೆದು ತೆಗೆದು ನೋಡೋದಿಲ್ಲ.

ಹತ್ತು ದಿನಕ್ಕೆ ನೆಂಟರ ಮದುವೆ ಬಂತು. ಪಂಕ್ತಿಯಲ್ಲಿ ಕೂತಿದ್ದೆ. ಬಡಿಸೋರು ಎಲೆ ತುದಿಗೆ ಒಂದಿಷ್ಟೇ ಚಟ್ನಿ ಇಟ್ಟು ಹೋದರು. ಅದು ಖಾಲಿಯಾಗೋ ಹೊತ್ತಿಗೆ ಮತ್ತೆ ಬಂದರು, ಕೇಳಿಯೇ ಹಾಕಿದರು. ನಾನು ಎಲೆ ಮೇಲೆ ಕೈ ಅಡ್ಡ ಹಿಡಿದೆ. ಕೈ ಹಿಡಿದ ಹಾಗೇ ಕೂತುಬಿಟ್ಟೆ. ಗಿರಾಕಿ ಯಾಕೆ ಬಕೆಟ್ ಹತ್ತಿರ ಬರಬೇಕು? ಬಕೆಟ್ಟೇ ಹೋಗಲಿ! ಹೆಂಡತಿ "ಪಾಯಸ ಬಂತು, ಕೈ ತೆಗೀರಿ" ಅಂದಾಗಲೇ ಎಚ್ಚರ.

ಈಗ ಕಿಂಡಿಯಲ್ಲಿ ಸಣ್ಣ ಸೌಟು. ಎಂಟರಿಂದ ಹತ್ತರವರೆಗೆ ಒಬ್ಬ ಹುಡುಗ ಸಣ್ಣ ಬಕೆಟ್ ಹಿಡಿದು ಟೇಬಲ್‌ಗಳ ನಡುವೆ ಓಡಾಡುತ್ತಾನೆ. ಕೇಳಿದಷ್ಟೂ ಹಾಕುತ್ತಾನೆ. 30 ಕಾಯಿ 22ಕ್ಕೆ ಇಳಿದಿದೆ, ಚಟ್ನಿ ಮೊದಲಿನಷ್ಟೇ ಗಟ್ಟಿ. ಭಾನುವಾರ ಮಾತ್ರ ಅವನೊಬ್ಬನ ಕೈಲಿ ಆಗೋದಿಲ್ಲ, ಬೈಗುಳ ತಿನ್ನುತ್ತೇವೆ. ಮೇಷ್ಟ್ರು ಈಗ ಎರಡು ಸಲ ಹಾಕಿಸಿಕೊಳ್ಳುತ್ತಾರೆ.

ಒಂದು ತಪ್ಪು ಹೇಳಲೇಬೇಕು. ಪಕ್ಕದ ಅಂಗಡಿಯವರು ಕೇಳಿದಾಗ ಎಲ್ಲ ನನ್ನದೇ ತಲೆ ಅನ್ನೋ ಹಾಗೆ ಕೊಚ್ಚಿಕೊಂಡೆ. ಅಕ್ಕ ಅಲ್ಲೇ ತಟ್ಟೆ ಜೋಡಿಸುತ್ತಿದ್ದರು, ಏನೂ ಅನ್ನಲಿಲ್ಲ. ಮಗಳು ರಾತ್ರಿ ಚೆನ್ನಾಗಿ ಬೈದಳು. ಬೆಳಿಗ್ಗೆ ಹೋಗಿ, "ಅಕ್ಕ, ಕಾಯಿ ಉಳಿಸಿಕೊಟ್ಟವರು ನೀವು. ಏನು ಬೇಕು ಹೇಳಿ" ಅಂದೆ. ಸೀರೆ ಕೇಳಬಹುದು ಅಂದುಕೊಂಡಿದ್ದೆ. ಅವರು ತೊಟ್ಟಿ ತೋರಿಸಿದರು. "ಇದು ಬಗ್ಗಿ ಬಗ್ಗಿ ಸೊಂಟ ಹೋಯ್ತಣ್ಣ. ಎರಡಡಿ ಮ್ಯಾಲೆತ್ತಿ ಕಟ್ಟಿಸಿಕೊಡಿ."

ಎತ್ತರಿಸಿದರೆ ನೀರು ಹೊರಗೆ ಹೋಗೋ ಪೈಪು ಅಡ್ಡ ಬರುತ್ತೆ ಅಂತ ಪ್ಲಂಬರ್ ಹೇಳುತ್ತಿದ್ದಾನೆ. ಈ ಸೋಮವಾರ ಮೂರು ಗಂಟೆಗೆ ಅವನನ್ನೂ ಹಾಳೆ ಕೊಟ್ಟು ಕೂರಿಸಬೇಕು. ಅಕ್ಕನ ಪಕ್ಕದಲ್ಲಿ.